ಮಲ್ಲಿತಮ್ಮ ಯಾವ ಊರಿನವನು?

ಮೊದಲೇ ಒಂದು ತಪ್ಪೊಪ್ಪಿಗೆ. ಮಲ್ಲಿತಮ್ಮ ಅನ್ನೋ ಹೆಸರನ್ನು ಮೊದಲ ಸಲ ಓದಿದಾಗ ನಾವು ಅದನ್ನು ಹೆಂಗಸಿನ ಹೆಸರು ಅಂದುಕೊಂಡಿದ್ದೆವು. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವರು ನಾವು, ಕೊನೆಯಲ್ಲಿ ಅಮ್ಮ ಅಂತ ಕಂಡರೆ ಮುಗೀತು. ಆಯನೂರಿನ ಮನೆಯಲ್ಲಿ ಅಜ್ಜ ಕೇಳಿ ನಕ್ಕುಬಿಟ್ಟರು. ಮಲ್ಲಿ, ತಮ್ಮ ಅಂತ ಬಿಡಿಸಿ ಓದ್ರೋ, ತಮ್ಮಯ್ಯ, ತಮ್ಮಣ್ಣ ಇದ್ದ ಹಾಗೆ ಇದೂ ಗಂಡಸಿನ ಹೆಸರೇ ಅಂದರು. ನಮ್ಮ ಸಂಶೋಧನೆ ಶುರುವಾಗಿದ್ದು ಹೀಗೆ.

ನಾವು ಅಂದರೆ ಮೆಕ್ಯಾನಿಕಲ್ ಎರಡನೇ ವರ್ಷದ ಒಂದೇ ಲ್ಯಾಬ್ ಬ್ಯಾಚಿನವರು. ಇಬ್ಬರು ಆಯನೂರಿಂದ ದಿನಾ ಬಸ್ಸಿನಲ್ಲಿ ಓಡಾಡುವವರು, ಒಬ್ಬ ಶಿವಮೊಗ್ಗ, ಒಬ್ಬ ಭದ್ರಾವತಿ. ಈ ಸಲದ ಸಂಚಿಕೆಗೆ ನಮ್ಮ ಸೀಮೆಯ ದೊಡ್ಡವರ ಬಗ್ಗೆ ಬರೆಯಬೇಕು ಅಂತ ಸಂಘದಲ್ಲಿ ತೀರ್ಮಾನವಾದಾಗ ಕುವೆಂಪು, ಅಲ್ಲಮ, ಅಕ್ಕಮಹಾದೇವಿ, ಶಿವಪ್ಪ ನಾಯಕ ಎಲ್ಲರನ್ನೂ ಸೀನಿಯರ್‌ಗಳು ಮೊದಲೇ ಹಂಚಿಕೊಂಡುಬಿಟ್ಟಿದ್ದರು. ಉಳಿದವರಲ್ಲಿ ಹುಡುಕುವಾಗ ಸಿಕ್ಕಿದವನು ರೂವಾರಿ ಮಲ್ಲಿತಮ್ಮ, ಹೊಯ್ಸಳರ ಕಾಲದ ಶಿಲ್ಪಿ. ಸೋಮನಾಥಪುರದ ಕೇಶವ ದೇವಸ್ಥಾನ ಅಂದ ಕೂಡಲೇ ಎಲ್ಲರೂ ಹೇಳೋ ಹೆಸರು. ಅವನು ಕೆಲಸ ಮಾಡಿದ್ದು ಗೊತ್ತಿರುವ ಮೊದಲ ಜಾಗ ಅಮೃತಾಪುರ, ತರೀಕೆರೆ ಪಕ್ಕ. ಭದ್ರಾವತಿ ದಾಟಿದರೆ ತರೀಕೆರೆ ಏನು ದೂರ? ಹಾಗಾದರೆ ಮಲ್ಲಿತಮ್ಮ ನಮ್ಮ ಕಡೆಯವನೇ ಅಂತ ಬರೆದು ಮುಗಿಸೋಣ ಅಂದುಕೊಂಡೆವು. ಅಷ್ಟು ಸುಲಭವಾಗಲಿಲ್ಲ.

ರೂವಾರಿ ಅನ್ನೋ ಮಾತು ನಮಗೆ ಪೇಪರಿನಿಂದ ಗೊತ್ತು. ಯಾವುದೋ ಯೋಜನೆಯ ರೂವಾರಿ, ಗೆಲುವಿನ ರೂವಾರಿ ಅಂತೆಲ್ಲ ಬರೀತಾರಲ್ಲ, ಅದೇ. ಮೂಲದಲ್ಲಿ ಅದು ರೂಪಕಾರಿ, ಅಂದರೆ ರೂಪ ಕೊಡುವವನು, ಶಿಲ್ಪಿ. ಎಂಟು ನೂರು ವರ್ಷದ ಹಿಂದೆ ಉಳಿ ಹಿಡಿದವರ ವೃತ್ತಿಯ ಹೆಸರು ಈಗ ಕೈಗೆ ಧೂಳು ಹತ್ತದವರಿಗೆ ಬಿರುದಾಗಿದೆ.

ಮಲ್ಲಿತಮ್ಮನ ಹುಟ್ಟಿದ ದಿನ, ತಂದೆ ತಾಯಿ, ಹೆಂಡತಿ ಮಕ್ಕಳು ಯಾವುದನ್ನೂ ಶಾಸನ ಹೇಳುವುದಿಲ್ಲ. ಅವನ ಜೀವನ ಇರುವುದು ಅವನು ಕೆತ್ತಿದ ಮೂರ್ತಿಗಳ ಕಾಲಡಿಯಲ್ಲಿ, ಪೀಠದ ಅಂಚಿನ ಸಣ್ಣ ಅಕ್ಷರಗಳಲ್ಲಿ. ಕೆಲವು ಕಡೆ ಮಲ್ಲಿತಮ್ಮ, ಕೆಲವು ಕಡೆ ಬರೀ ಮಲ್ಲಿ, ಇನ್ನು ಕೆಲವು ಕಡೆ ಮ ಅನ್ನುವ ಒಂದೇ ಅಕ್ಷರ. ಆ ಅಕ್ಷರಗಳಿರುವ ಊರುಗಳನ್ನು ವರ್ಷದ ಪ್ರಕಾರ ಜೋಡಿಸಿದರೆ ಸಿಗುವ ಗೆರೆಯೇ ಅವನ ಬದುಕು.

ಆ ಗೆರೆಗೆ ಮುಂಚೆ ಏನಿತ್ತು ಅಂತ ನೋಡಬೇಕು. ಹೊಯ್ಸಳ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಅಲ್ಲಿ ಕೆಲಸ ಮಾಡಿದವರಲ್ಲಿ ದಾಸೋಜ ಮತ್ತು ಅವನ ಮಗ ಚಾವಣ ದೊಡ್ಡ ಹೆಸರು. ಕಂಬಗಳ ತುದಿಯಲ್ಲಿ ಓರೆಯಾಗಿ ನಿಂತಿರುವ ಮದನಿಕೆಯರಲ್ಲಿ ಕೆಲವರು ಈ ಅಪ್ಪ ಮಗನ ಕೈಕೆಲಸ. ಇವರು ಬಂದಿದ್ದು ಬಳ್ಳಿಗಾವೆಯಿಂದ, ಅಂದರೆ ನಮ್ಮ ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯಿಂದ! ನೇರ ಗೆರೆ ಎಳೆದರೂ ಬೇಲೂರಿಗೆ ಸುಮಾರು 150 ಕಿ.ಮೀ. ಬೇಲೂರು ಅಂದರೆ ಹಾಸನದ ಹೆಮ್ಮೆ ಅಂತ ಹೈಸ್ಕೂಲ್ ಟ್ರಿಪ್ಪಿನಲ್ಲಿ ನೋಡಿ ಬಂದ ನಮಗೆ, ಅದರ ಕೆಲವು ಒಳ್ಳೇ ಶಿಲ್ಪ ಮಾಡಿದ ಕೈಗಳು ನಮ್ಮ ಜಿಲ್ಲೆಯವು ಅಂತ ಯಾರೂ ಹೇಳಿರಲಿಲ್ಲ. ಅಥವಾ ಹೇಳಿದಾಗ ನಾವು ಸೆಲ್ಫಿ ತೆಗೀತಾ ಇದ್ದೆವೇನೋ.

ಬಳ್ಳಿಗಾವಿ ಆಗ ಬನವಾಸಿ ನಾಡಿನ ರಾಜಧಾನಿ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅಲ್ಲಿ ಗುಡಿ, ಮಠ, ಪಾಠಶಾಲೆ ಎಲ್ಲ ಬೆಳೆದವು. ಕೇದಾರೇಶ್ವರ, ತ್ರಿಪುರಾಂತಕ ಗುಡಿಗಳು ಈಗಲೂ ನಿಂತಿವೆ. ಇಂಥ ಊರಿನಲ್ಲಿ ಕಲ್ಲಿನ ಕೆಲಸ ಅಪ್ಪನಿಂದ ಮಗನಿಗೆ, ಗುರುವಿಂದ ಶಿಷ್ಯನಿಗೆ ಬರುತ್ತಿತ್ತು. ಹೆಸರಿನ ಕೊನೆಯಲ್ಲಿ ಬರುವ ಓಜ ಅನ್ನುವುದು ಉಪಾಧ್ಯಾಯ ಅನ್ನೋ ಮಾತಿನಿಂದ ಸವೆದು ಬಂದದ್ದು. ದಾಸೋಜ, ಮಲ್ಲೋಜ, ನಾಗೋಜ ಎಲ್ಲ ಹಾಗೆ ಆದ ಹೆಸರುಗಳು. ಮಲ್ಲಿತಮ್ಮನಿಗೆ ಆ ಓಜ ಇಲ್ಲ. ಊರಿನ ಹೆಸರೂ ಅವನ ಸಹಿಯ ಜೊತೆ ಬರುವುದಿಲ್ಲ. ನಮ್ಮ ಕಷ್ಟ ಶುರುವಾಗಿದ್ದು ಇಲ್ಲೇ.

ಮಲ್ಲಿತಮ್ಮನ ಹೆಸರು ಮೊದಲು ಬರುವ ಅಮೃತೇಶ್ವರ ದೇವಸ್ಥಾನ ಕಟ್ಟಿದ್ದು 1196ರಲ್ಲಿ, ಇಮ್ಮಡಿ ವೀರಬಲ್ಲಾಳನ ಕಾಲ. ಕಟ್ಟಿಸಿದವನು ಅವನ ದಂಡನಾಯಕ ಅಮೃತೇಶ್ವರ. ನಾವು ಒಂದು ಭಾನುವಾರ ಶಿವಮೊಗ್ಗದಿಂದ ತರೀಕೆರೆ ಬಸ್ಸು ಹತ್ತಿ, ಅಲ್ಲಿಂದ ಆಟೋ ಮಾಡಿಕೊಂಡು ಹೋದೆವು. ಸುತ್ತ ತೆಂಗು, ಅಡಿಕೆ ತೋಟ, ಜನವೇ ಇಲ್ಲ. ತೆರೆದ ಮಂಟಪದಲ್ಲಿ ಸಾಲಾಗಿ ಕಂಬಗಳು, ಲೇತ್‌ಗೆ ಹಾಕಿ ತಿರುಗಿಸಿದ ಹಾಗೆ ದುಂಡಗೆ, ನಯವಾಗಿ, ಬಿಸಿಲಿಗೆ ಹೊಳೀತಾ ಇದ್ದವು. ನಮ್ಮ ಮೆಷಿನ್ ಶಾಪಿನಲ್ಲಿ ಒಂದಡಿ ಎಂಎಸ್ ರಾಡಿಗೆ ಸ್ಟೆಪ್ ಟರ್ನಿಂಗ್ ಮಾಡುವಾಗಲೇ ನಮಗೆ ಬೆವರು ಇಳಿಯುತ್ತೆ. ಆಳೆತ್ತರದ ಕಲ್ಲನ್ನು ಕರೆಂಟ್ ಇಲ್ಲದೆ ತಿರುಗಿಸಿ ಕಡೆದವರ ಮುಂದೆ ನಾವು ಸುಮ್ಮನೆ ನಿಂತೆವು.

ಮಂಟಪದ ಹೊರಗಿನ ಜಗಲಿ ಗೋಡೆಯಲ್ಲಿ ಕಥೆಗಳ ಪಟ್ಟಿ ಇದೆ. ದಕ್ಷಿಣದ ಕಡೆ ರಾಮಾಯಣದ 70 ಫಲಕ, ಉತ್ತರದ ಕಡೆ ಕೃಷ್ಣನ ಕಥೆಯ 25, ಮಹಾಭಾರತದ 45. ಆದರೆ ಮಲ್ಲಿತಮ್ಮನನ್ನು ನೋಡಬೇಕು ಅಂದರೆ ಒಳಗೆ ಹೋಗಿ ಕತ್ತು ಮೇಲೆತ್ತಬೇಕು. ಅವನು ಇಲ್ಲಿ ಕೆಲಸ ಮಾಡಿದ್ದು ಮಂಟಪದ ಗುಮ್ಮಟದಂಥ ಒಳಮಾಳಿಗೆಗಳಲ್ಲಿ. ಭುವನೇಶ್ವರಿ ಅಂತ ಕರೀತಾರಲ್ಲ, ಅವು. ಚೌಕದೊಳಗೆ ಎಂಟು ಮೂಲೆ, ಅದರೊಳಗೆ ವೃತ್ತ, ನಡುವೆ ಕೆಳಕ್ಕೆ ಇಳಿಬಿದ್ದ ಮೊಗ್ಗು. ಎಂಜಿನಿಯರಿಂಗ್ ಡ್ರಾಯಿಂಗ್ ಕ್ಲಾಸಿನಲ್ಲಿ ಇದನ್ನು ಕೊಟ್ಟಿದ್ದರೆ ನಾವೆಲ್ಲ ಫೇಲ್. ಅಲ್ಲಿನ ಕತ್ತಲಿಗೆ ಮೊಬೈಲ್ ಟಾರ್ಚ್ ಹಿಡಿದು ನೋಡುವಾಗ ಒಂದು ವಿಷಯ ಹೊಳೆಯಿತು. ಹೊಸ ಹುಡುಗನಿಗೆ ಹೊರಗೋಡೆಯ ದೊಡ್ಡ ಮೂರ್ತಿ ಕೊಡುತ್ತಾರೋ ಇಲ್ಲವೋ, ತಲೆ ಎತ್ತದ ಹೊರತು ಯಾರಿಗೂ ಕಾಣದ ಜಾಗ ಕೊಟ್ಟು ನೋಡುವುದು ಈಗಲೂ ಇರುವ ಪದ್ಧತಿ.

ಇದೇ ಗುಡಿಯಲ್ಲಿ ಇನ್ನೊಬ್ಬ ದೊಡ್ಡವನ ಕೈಯೂ ಇದೆ. ಇಲ್ಲಿನ ಶಾಸನದ ಪದ್ಯಗಳನ್ನು ಬರೆದವನು ಜನ್ನ. ಮುಂದೆ 1209ರಲ್ಲಿ ಯಶೋಧರ ಚರಿತೆ, 1230ರಲ್ಲಿ ಅನಂತನಾಥ ಪುರಾಣ ಬರೆದು ಕವಿಚಕ್ರವರ್ತಿ ಅನ್ನಿಸಿಕೊಂಡ ಅದೇ ಜನ್ನ. ಕವಿಗೆ ತನ್ನ ಬಗ್ಗೆ ಹೇಳಿಕೊಳ್ಳಲು ಪದ್ಯಗಟ್ಟಲೆ ಜಾಗ ಇತ್ತು. ಅವನ ತಂದೆ ಯಾರು, ರಾಜ ಯಾರು, ಬಿರುದು ಏನು ಎಲ್ಲ ನಮಗೆ ಗೊತ್ತು. ಒಂದೇ ಗುಡಿ, ಅದೇ ಕಾಲ, ಒಬ್ಬ ಅಕ್ಷರದವನು, ಇನ್ನೊಬ್ಬ ಉಳಿಯವನು. ಒಬ್ಬನ ಚರಿತ್ರೆ ಪಠ್ಯಪುಸ್ತಕದಲ್ಲಿದೆ, ಇನ್ನೊಬ್ಬನದು ಪೀಠದ ಅಂಚಿನ ನಾಲ್ಕು ಅಕ್ಷರದಲ್ಲಿದೆ.

ಅಮೃತಾಪುರದ ನಂತರ ಮಲ್ಲಿತಮ್ಮನ ಗೆರೆ ದಕ್ಷಿಣಕ್ಕೆ ತಿರುಗುತ್ತದೆ. ಬಲ್ಲಾಳ 1220ರಲ್ಲಿ ತೀರಿಕೊಂಡ. ಅವನ ಮಗ ಇಮ್ಮಡಿ ನರಸಿಂಹ ಆಳಿದ, ನಂತರ ಮೊಮ್ಮಗ ಸೋಮೇಶ್ವರ ಬಂದ. ಈ ಸೋಮೇಶ್ವರನ ಕಾಲದಲ್ಲಿ ಹಳ್ಳಿ ಹಳ್ಳಿಗೆ ದಂಡನಾಯಕರು ಗುಡಿ ಕಟ್ಟಿಸಿದರು. ಕೆ.ಆರ್. ಪೇಟೆ ತಾಲೂಕಿನ ಗೋವಿಂದನಹಳ್ಳಿಯಲ್ಲಿ ಐದು ಗರ್ಭಗುಡಿ ಸಾಲಾಗಿರುವ ಪಂಚಲಿಂಗೇಶ್ವರ ದೇವಸ್ಥಾನ ಇದೆ. ಅಲ್ಲಿ ಅವನ ಹೆಸರು ಸಿಗುತ್ತದೆ. ಅರಸೀಕೆರೆ ತಾಲೂಕಿನ ಜಾವಗಲ್ಲಿನ ಲಕ್ಷ್ಮೀನರಸಿಂಹ ಗುಡಿಯಲ್ಲೂ ಅವನ ಕೆಲಸ ಇದೆ. ಹೌದು, ಕ್ರಿಕೆಟಿಗ ಶ್ರೀನಾಥ್ ಹೆಸರಿನಲ್ಲಿರುವ ಜಾವಗಲ್ಲೇ.

ಇವುಗಳ ನಡುವೆ ನಮಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ನುಗ್ಗೇಹಳ್ಳಿ. ಚನ್ನರಾಯಪಟ್ಟಣ ತಾಲೂಕು, ವರ್ಷ 1246, ಕಟ್ಟಿಸಿದವನು ಬೊಮ್ಮಣ್ಣ ದಂಡನಾಯಕ. ಅಲ್ಲಿನ ಲಕ್ಷ್ಮೀನರಸಿಂಹ ಗುಡಿಯ ಹೊರಗೋಡೆಯ ಕೆಲಸ ಇಬ್ಬರ ನಡುವೆ ಹಂಚಿಹೋಗಿದೆ. ದಕ್ಷಿಣದ ಕಡೆ ಬೈಚೋಜ, ಉತ್ತರದ ಕಡೆ ಮಲ್ಲಿತಮ್ಮ. ಲ್ಯಾಬಿನಲ್ಲಿ ಪ್ರಯೋಗ ಮಾಡುವಾಗ ಒಂದನ್ನು ಬಿಟ್ಟು ಬೇರೆಲ್ಲ ಸ್ಥಿರವಾಗಿ ಇಡಿ ಅಂತ ಹೇಳಿಕೊಡುತ್ತಾರಲ್ಲ? ನುಗ್ಗೇಹಳ್ಳಿಯಲ್ಲಿ ಚರಿತ್ರೆ ತಾನೇ ಅಂಥ ಪ್ರಯೋಗ ಮಾಡಿಟ್ಟಿದೆ. ಕಲ್ಲು ಒಂದೇ, ಕಾಲ ಒಂದೇ, ಕಟ್ಟಿಸಿದವನು ಒಬ್ಬನೇ, ನಕ್ಷೆ ಒಂದೇ. ಬೇರೆ ಇರುವುದು ಕೈ ಮಾತ್ರ. ಉತ್ತರ ಗೋಡೆಯ ಮೂರ್ತಿಗೂ ದಕ್ಷಿಣ ಗೋಡೆಯ ಮೂರ್ತಿಗೂ ವ್ಯತ್ಯಾಸ ಕಂಡರೆ ಅದು ಮಲ್ಲಿತಮ್ಮನಿಗೂ ಬೈಚೋಜನಿಗೂ ಇರುವ ವ್ಯತ್ಯಾಸ. ಸಹಿ ಇಲ್ಲದ ಬೇರೆ ಮೂರ್ತಿಯನ್ನು ಇದು ಯಾರ ಕೈ ಅಂತ ಗುರುತಿಸಬೇಕಾದರೆ ಇಂಥ ಗೋಡೆಗಳೇ ಅಳತೆಗೋಲು.

ಕೊನೆಗೆ ಸೋಮನಾಥಪುರ. ಮುಮ್ಮಡಿ ನರಸಿಂಹನ ದಂಡನಾಯಕ ಸೋಮನಾಥ ಕಾವೇರಿ ತೀರದ ಹತ್ತಿರ ತನ್ನ ಹೆಸರಿನಲ್ಲಿ ಅಗ್ರಹಾರ ಮಾಡಿ 1258ರಲ್ಲಿ ಕೇಶವನನ್ನು ಪ್ರತಿಷ್ಠಾಪಿಸಿದ. ಮೂರು ಗರ್ಭಗುಡಿ, ನಕ್ಷತ್ರದ ಆಕಾರದ ತಳ, ಕೆಳಗಿನಿಂದ ಆನೆ, ಕುದುರೆ, ಬಳ್ಳಿ, ಕಥೆ, ಮಕರ, ಹಂಸ ಅಂತ ಆರು ಪಟ್ಟಿ. ಅದರ ಮೇಲೆ ಸಾಲು ಮೂರ್ತಿಗಳು. ಅಲ್ಲಿ ಮಸಣಿತಮ್ಮ, ಚೌಡೆಯ, ನಂಜಯ ಮುಂತಾದ ಹಲವರ ಸಹಿಗಳಿವೆ. ಎಲ್ಲಕ್ಕಿಂತ ಹೆಚ್ಚು ಸಲ ಕಾಣುವುದು ಮಲ್ಲಿತಮ್ಮನ ಹೆಸರೇ. ಅಲ್ಲಿಗೆ ಅವನ ಗೆರೆ ಮುಗಿಯುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರಕ್ಕೂ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ಅಮೃತಾಪುರದಿಂದ ಸೋಮನಾಥಪುರಕ್ಕೆ ಹಕ್ಕಿ ಹಾರಿದರೆ ಸುಮಾರು 200 ಕಿ.ಮೀ. ಬಹುಶಃ ಎತ್ತಿನ ಗಾಡಿಯಲ್ಲಿ ಉಳಿ ಸುತ್ತಿಗೆ ಹೇರಿಕೊಂಡು ಊರಿಂದ ಊರಿಗೆ ಹೋದ ಬದುಕು.

ಈ ಸಹಿಗಳನ್ನೆಲ್ಲ ಕೂತು ಓದಿದವರು ಯಾರು ಅನ್ನೋದನ್ನೂ ಹೇಳಬೇಕು. ಮೈಸೂರು ಸಂಸ್ಥಾನದ ಶಾಸನಗಳನ್ನು ಹುಡುಕಿಸಿ ಅಚ್ಚು ಹಾಕಿಸಿದವರು ಬಿ.ಎಲ್. ರೈಸ್. ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟಗಳು ನಮ್ಮ ಶಿವಮೊಗ್ಗ ಜಿಲ್ಲೆಯವು. ರೈಸ್ ನಂತರ 1906ರಿಂದ 1922ರವರೆಗೆ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದವರು ಆರ್. ನರಸಿಂಹಾಚಾರ್. ಸೋಮನಾಥಪುರದ ಬಗ್ಗೆ 1917ರಲ್ಲಿ, ಬೇಲೂರಿನ ಬಗ್ಗೆ 1919ರಲ್ಲಿ ಅವರು ಪುಸ್ತಕ ತಂದರು. ಮೂರ್ತಿಗಳ ಕೆಳಗಿನ ಹೆಸರುಗಳನ್ನು ಒಂದೊಂದಾಗಿ ಬರೆದಿಟ್ಟರು. ಕವಿಗಳ ಜೀವನವನ್ನು ಕರ್ಣಾಟಕ ಕವಿಚರಿತೆ ಅಂತ ಮೂರು ಸಂಪುಟದಲ್ಲಿ ಕಟ್ಟಿಕೊಟ್ಟವರೂ ಇವರೇ. ಅದೇ ಮನುಷ್ಯ, ಅದೇ ಶ್ರದ್ಧೆ. ಕವಿಗಳಿಗೆ ಮೂರು ಸಂಪುಟ ತುಂಬುವಷ್ಟು ಸಿಕ್ಕಿತು, ಶಿಲ್ಪಿಗಳಿಗೆ ಸಿಕ್ಕಿದ್ದು ಹೆಸರಿನ ಪಟ್ಟಿ. ಆ ಪಟ್ಟಿ ಇಲ್ಲದಿದ್ದರೆ ಇವತ್ತು ಮಲ್ಲಿತಮ್ಮ ಅನ್ನೋ ಹೆಸರೇ ನಮ್ಮ ಬಾಯಲ್ಲಿ ಇರುತ್ತಿರಲಿಲ್ಲ. ಮುಂದೆ ಷ. ಶೆಟ್ಟರ್ ಅವರಂಥ ವಿದ್ವಾಂಸರು ಈ ಕೆಲಸವನ್ನು ಇನ್ನೂ ಮುಂದೆ ಒಯ್ದರು.

ಇಷ್ಟೆಲ್ಲ ಓದಿದ ಮೇಲೂ ನಮ್ಮ ಪ್ರಶ್ನೆ ಹಾಗೇ ಇತ್ತು. ಮಲ್ಲಿತಮ್ಮ ಯಾವ ಕಡೆಯವನು? ಊರು ಬರೆದಿಲ್ಲದಿದ್ದರೆ ಕೆಲಸ ನೋಡಿ ಗುರುತಿಸಬಹುದಾ?

ನಮ್ಮ ಬ್ಯಾಚಿನಲ್ಲಿ ಒಬ್ಬನಿಗೆ ಜಪಾನಿನ ಅನಿಮೆ ಹುಚ್ಚು. ಅವನು ಇದೇ ಪ್ರಶ್ನೆ ಅಲ್ಲೂ ಇದೆ ಅಂದ. ಜಪಾನಿನ ಕತ್ತಿಯಲ್ಲಿ ಹಿಡಿಗೂ ಅಲಗಿಗೂ ನಡುವೆ ಕೈ ಜಾರದ ಹಾಗೆ ಒಂದು ಲೋಹದ ಬಿಲ್ಲೆ ಇರುತ್ತದೆ. ಅದಕ್ಕೆ ತ್ಸುಬಾ ಅಂತಾರೆ. ಅಂಗೈಯಗಲದ ಕಬ್ಬಿಣದ ತುಂಡು, ನಡುವೆ ಅಲಗಿನ ತೂತು, ಸುತ್ತ ಕೊರೆದ ಚಿತ್ತಾರ. 1876ರಲ್ಲಿ ಅಲ್ಲಿನ ಸರ್ಕಾರ ಸಮುರಾಯ್‌ಗಳು ಕತ್ತಿ ಕಟ್ಟಿಕೊಂಡು ಓಡಾಡುವುದನ್ನು ನಿಲ್ಲಿಸಿತು. ಆಮೇಲೆ ಎಷ್ಟೋ ಬಿಲ್ಲೆಗಳು ಕತ್ತಿಯಿಂದ ಬೇರೆಯಾಗಿ ಪರದೇಶದ ಸಂಗ್ರಹಗಳನ್ನು ಸೇರಿದವು. ಕೈಗೆ ಸಿಕ್ಕ ಬಿಲ್ಲೆ ಯಾವ ಸೀಮೆಯದು ಅಂತ ಹೇಳುವುದೇ ಅಲ್ಲಿ ಒಂದು ವಿದ್ಯೆ. ಕಬ್ಬಿಣದ ಬಣ್ಣ, ಸುತ್ತಿಗೆಯ ಗುರುತು, ಅಂಚಿನ ದಪ್ಪ, ತೂತಿನ ಆಕಾರ, ಕೊರೆದ ಗೆರೆಯ ತೆಳುವು ಎಲ್ಲ ನೋಡಿ ಇದು ಹಿಗೋ, ಇದು ಅಕಸಾಕಾ, ಇದು ಓವರಿ ಅಂತ ಹೇಳುತ್ತಾರೆ. ಹಿಗೋ ಅಂದರೆ ಈಗಿನ ಕುಮಾಮೊಟೊ ಕಡೆ, ಅಕಸಾಕಾ ಅಂದರೆ ಟೋಕಿಯೊದ ಒಂದು ಭಾಗ. ಆದರೆ ಅಕಸಾಕಾದ ಮುಂದಿನ ತಲೆಮಾರಿನವರು ಹಿಗೋ ಚಿತ್ತಾರಗಳನ್ನು ತಾವೂ ಮಾಡತೊಡಗಿದರು. ಆಗ ಬರೀ ಚಿತ್ತಾರ ನೋಡಿ ಊರು ಹೇಳಿದರೆ ತಪ್ಪುತ್ತದೆ, ಕಬ್ಬಿಣವನ್ನೂ ನೋಡಬೇಕು. ಕೆಲವರು ಸಹಿಯ ಜೊತೆ ಇಂಥ ಪ್ರಾಂತ್ಯದ ನಿವಾಸಿ ಅಂತಲೂ ಕೊರೆದಿದ್ದಾರೆ. ನಮ್ಮ ದಾಸೋಜನ ಹೆಸರಿಗೆ ಬಳ್ಳಿಗಾವೆ ಅಂಟಿಕೊಂಡ ಹಾಗೆ!

ನಮ್ಮ ಗುಡಿಗಳಿಗೂ ಇದೇ ಥರ ಪರೀಕ್ಷೆ ಇದೆ. ಮೊದಲು ಕಲ್ಲು. ಹಳೆಯ ಚಾಲುಕ್ಯರು ಮರಳುಗಲ್ಲಿನಲ್ಲಿ ಕಟ್ಟಿದರು, ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬಳಪದ ಕಲ್ಲು ಬಂತು, ಹೊಯ್ಸಳರು ಅದನ್ನೇ ಹಿಡಿದರು. ಗ್ರಾನೈಟಿಗಿಂತ ತುಂಬಾ ಮೆತ್ತಗಿನ ಕಲ್ಲು. ಅದಕ್ಕೇ ಒಡವೆಯ ಒಂದೊಂದು ಮಣಿಯನ್ನೂ ಹಿಂದಿನಿಂದ ಕೊರೆದು ಬಿಡಿಸಲು ಆಗಿದ್ದು. ಆಮೇಲೆ ತಳದ ಪಟ್ಟಿಗಳು, ಗೋಡೆಯ ಮೇಲೆ ಒಂದು ಸೂರೋ ಎರಡು ಸೂರೋ, ಶಿಖರದ ಮೆಟ್ಟಿಲು, ಮೂರ್ತಿಯ ಮೈಮೇಲೆ ಆಭರಣ ಎಷ್ಟು ದಟ್ಟ. ಇವನ್ನೆಲ್ಲ ಒಟ್ಟಿಗೆ ನೋಡಿದರೆ ಕಲ್ಯಾಣ ಚಾಲುಕ್ಯರ ಪರಂಪರೆ ಎಲ್ಲಿ ಮುಗಿದು ಹೊಯ್ಸಳರದು ಎಲ್ಲಿ ಶುರು ಅಂತ ಒಂದು ಅಂದಾಜು ಬರುತ್ತದೆ. ಆದರೆ ಬೇಲೂರು ಒಂದು ಪಾಠ ಹೇಳಿಕೊಡುತ್ತದೆ. ಗುಡಿ ನಿಂತ ಊರು ಬೇರೆ, ಕೆತ್ತಿದ ಕೈ ಬೆಳೆದ ಊರು ಬೇರೆ. ಅಮೃತಾಪುರದಲ್ಲಿ ಕೆಲಸ ಮಾಡಿದ ಮಾತ್ರಕ್ಕೆ ಮಲ್ಲಿತಮ್ಮ ಅಮೃತಾಪುರದವನು ಅಂದರೆ, ಬೆಂಗಳೂರಿನ ಕಂಪನಿಯಲ್ಲಿ ಮೊದಲ ಕೆಲಸ ಸಿಕ್ಕ ನಮ್ಮ ಸೀನಿಯರ್‌ಗಳೆಲ್ಲ ಬೆಂಗಳೂರಿನವರು ಅಂದ ಹಾಗೆ. ನಮ್ಮ ಲೇಖನದ ಬುಡವೇ ಅಲ್ಲಾಡಿತು.

ಅದಕ್ಕಿಂತ ದೊಡ್ಡ ಪ್ರಶ್ನೆ ಲೆಕ್ಕ ಹಾಕುವಾಗ ಬಂತು. 1196ರಲ್ಲಿ ಅಮೃತಾಪುರ, 1258ರಲ್ಲಿ ಸೋಮನಾಥಪುರ. ನಡುವೆ 62 ವರ್ಷ. ಅಮೃತಾಪುರದಲ್ಲಿ ಅವನಿಗೆ ನಮ್ಮ ವಯಸ್ಸು, ಹತ್ತೊಂಬತ್ತು ಇಪ್ಪತ್ತು ಅಂತ ಇಟ್ಟುಕೊಂಡರೂ ನುಗ್ಗೇಹಳ್ಳಿಗೆ ಎಪ್ಪತ್ತು ಆಗಿರುತ್ತೆ, ಸೋಮನಾಥಪುರಕ್ಕೆ ಎಂಬತ್ತು ದಾಟಿರುತ್ತೆ. ಎಂಬತ್ತು ದಾಟಿದ ಕೈ ಮೂರ್ತಿಯ ಮೇಲೆ ಮೂರ್ತಿ ಕೆತ್ತೀತೆ? ಆಗಬಾರದು ಅಂತೇನಿಲ್ಲ. ಆಯನೂರಿನಲ್ಲೇ ಎಂಬತ್ತರ ಅಜ್ಜಂದಿರು ಈಗಲೂ ತೋಟದಲ್ಲಿ ಕತ್ತಿ ಹಿಡಿದು ಓಡಾಡುತ್ತಾರೆ. ಆದರೆ ಬೇರೆ ದಾರಿಗಳೂ ಇವೆ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುವುದು ರೂಢಿ. ಅಮೃತಾಪುರದ್ದು ಅಜ್ಜ, ಸೋಮನಾಥಪುರದ್ದು ಮೊಮ್ಮಗ ಯಾಕಾಗಿರಬಾರದು? ಅಥವಾ ಮುದುಕನಾದ ಮಲ್ಲಿತಮ್ಮ ಕೂತು ತೋರಿಸಿ, ಶಿಷ್ಯರು ಕೆತ್ತಿ, ಗುರುವಿನ ಹೆಸರು ಹಾಕಿರಬಹುದು. ಜಪಾನಿನ ಎಚಿಜೆನ್ ಪ್ರಾಂತ್ಯದ ಕಿನಾಯ್ ಮನೆತನದ ಬಿಲ್ಲೆಗಳಲ್ಲೂ ಇದೇ ಕಥೆ. ತಲೆಮಾರಿನ ಮೇಲೆ ತಲೆಮಾರು ಅದೇ ಸಹಿ. ಹೆಸರು ಒಂದು, ಕೈ ಹಲವು.

ಆಗ ನಮಗೆ ನಮ್ಮದೇ ಒಂದು ಸಹಿ ನೆನಪಾಯಿತು. ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಜಗಳ ಆಡಿ ಆಮೇಲೆ ಬರೀತಾ ಇದ್ದೇವೆ. ಮೆಷಿನ್ ಶಾಪಿನಲ್ಲಿ ಜಾಬ್ ಮುಗಿಸಿದ ಮೇಲೆ ರಾಡಿನ ತುದಿಗೆ ನಂಬರ್ ಪಂಚ್ ಇಟ್ಟು ಸುತ್ತಿಗೆಯಲ್ಲಿ ಹೊಡೆದು ರೋಲ್ ನಂಬರ್ ಒತ್ತಬೇಕು. ಅದು ಇಲ್ಲದಿದ್ದರೆ ಮಾರ್ಕ್ಸ್ ಇಲ್ಲ. ನಮ್ಮ ಬ್ಯಾಚಿಗೆ ಈ ವರ್ಷ ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದ ಒಬ್ಬ ಗೆಳೆಯ ಸೇರಿದ. ಮನೆಯಲ್ಲೇ ಲೇತ್ ಇರುವವನು, ಚಿಕ್ಕಂದಿನಿಂದ ಕಬ್ಬಿಣದ ಜೊತೆ ಬೆಳೆದವನು. ಥಿಯರಿ ಇಂಗ್ಲಿಷಿನಲ್ಲಿ ಅಂತ ಕ್ಲಾಸಿನಲ್ಲಿ ಬಾಯಿ ಬಿಡುವುದಿಲ್ಲ, ಮೆಷಿನ್ ಮುಂದೆ ನಿಂತರೆ ಅವನೇ ಮೇಷ್ಟ್ರು. ಹೋದ ಸೆಮಿಸ್ಟರಿನ ಟೇಪರ್ ಟರ್ನಿಂಗ್ ಜಾಬ್ ನಮ್ಮ ನಾಲ್ವರಿಗೂ ಕೈ ಕೊಟ್ಟಾಗ ಅವನೇ ನಾಲ್ಕನ್ನೂ ಮಾಡಿಕೊಟ್ಟ. ನಾವು ಮಾಡಿದ್ದು ಇಷ್ಟೇ, ತುದಿಗೆ ನಮ್ಮ ನಂಬರ್ ಒತ್ತಿದ್ದು. ನಮಗೆ ಒಳ್ಳೇ ಮಾರ್ಕ್ಸ್ ಬಂತು. ಅವನಿಗೆ ತನ್ನದನ್ನು ಕೊನೆಗೆ ಅವಸರದಲ್ಲಿ ಮುಗಿಸಬೇಕಾಯಿತು, ನಮಗಿಂತ ಕಡಿಮೆ ಬಂತು. ಆಗ ನಾವು ಕ್ಯಾಂಟೀನಿನಲ್ಲಿ ಒಂದು ಟೀ ಕೊಡಿಸಿ ಲೆಕ್ಕ ಚುಕ್ತಾ ಅಂದುಕೊಂಡಿದ್ದೆವು.

ನಾಳೆ ಯಾರೋ ಆ ನಾಲ್ಕು ರಾಡುಗಳನ್ನು ಎತ್ತಿ ನೋಡಿದರೆ ಏನು ಹೇಳುತ್ತಾರೆ? ನಂಬರ್ ನಂಬಿದರೆ ನಾಲ್ಕು ಜನ ಕೆಲಸಗಾರರು ಅಂತಾರೆ. ಉಪಕರಣದ ಗುರುತು, ಅಂಚಿನ ನಯ, ಟೇಪರಿನ ಅಳತೆ ನೋಡಿದರೆ ನಾಲ್ಕೂ ಒಂದೇ ಕೈ ಅಂತ ಗೊತ್ತಾಗುತ್ತೆ. ಸಹಿ ಸುಳ್ಳು ಹೇಳಬಹುದು, ಕೆಲಸ ಹೇಳುವುದಿಲ್ಲ. ವಿದ್ವಾಂಸರು ಸಹಿ ಓದಿದ ಮೇಲೂ ಮೂರ್ತಿಯ ಮುಂದೆ ಅಷ್ಟು ಹೊತ್ತು ಯಾಕೆ ನಿಲ್ಲುತ್ತಾರೆ ಅನ್ನುವುದು ನಮಗೆ ಅರ್ಥವಾಗಿದ್ದು ಆಗ.

ಮಲ್ಲಿತಮ್ಮನ ಆ ಒಂಟಿ ಮ ಅಕ್ಷರವೂ ಬೇರೆ ಥರ ಕಾಣತೊಡಗಿತು. ಹೆಸರು ಚಿರಕಾಲ ಉಳಿಯಲಿ ಅಂತ ಹೆಮ್ಮೆಯಿಂದ ಕೆತ್ತಿದ್ದು ಅಂತಲೇ ನಾವು ಮೊದಲು ಬರೆದಿದ್ದೆವು. ಹೆಮ್ಮೆಯ ಸಹಿಗಳು ಇಲ್ಲ ಅಂತಲ್ಲ. ಬೇಲೂರಿನಲ್ಲಿ ಎದುರಾಳಿ ಶಿಲ್ಪಿಗಳನ್ನು ಸೋಲಿಸಿದವನು ಅನ್ನೋ ಅರ್ಥದ ಬಿರುದು ಹಾಕಿಕೊಂಡವರೇ ಇದ್ದಾರೆ. ಆದರೆ ಚಿರಕಾಲ ಉಳಿಯಬೇಕು ಅನ್ನುವವನು ಬರೀ ಮ ಅಂತ ಬರೆಯುತ್ತಾನಾ? ಅದು ಈ ಮೂರ್ತಿ ನನ್ನದು, ಕೂಲಿ ಲೆಕ್ಕಕ್ಕೆ ಹಿಡಿಯಿರಿ ಅನ್ನುವ ಗುರುತೂ ಆಗಿರಬಹುದು. ನಮ್ಮ ರೋಲ್ ನಂಬರ್ ಇದ್ದ ಹಾಗೆ. ಹಾಗಿದ್ದರೆ ಅವನು ಸಣ್ಣವನಾಗುವುದಿಲ್ಲ. ದಿನಗೂಲಿಯ ಕೆಲಸವನ್ನೇ ಇಷ್ಟು ಚೆನ್ನಾಗಿ ಮಾಡಿದ ಅಂತ ಇನ್ನೂ ದೊಡ್ಡವನಾಗುತ್ತಾನೆ.

ಬರುವಾಗ ಭದ್ರಾವತಿಯಲ್ಲಿ ಇಳಿದು ಹಳೇ ಊರಿನ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಹೋದೆವು. ಇದೂ ಹೊಯ್ಸಳರದೇ, ಮೂರು ಗರ್ಭಗುಡಿಯದು. ಊರು ಬೆಂಕಿಪುರ ಅನ್ನಿಸಿಕೊಳ್ಳುತ್ತಿದ್ದ ಕಾಲದಿಂದಲೂ, ಕಬ್ಬಿಣದ ಕಾರ್ಖಾನೆಗೆ ಎಷ್ಟೋ ಶತಮಾನ ಮೊದಲಿಂದಲೂ ಇದೆ. ನಮ್ಮ ಭದ್ರಾವತಿಯವನು ಚಿಕ್ಕಂದಿನಿಂದ ಅಲ್ಲಿ ಪ್ರಸಾದ ತಿಂದವನು, ಗೋಡೆ ನೋಡಿದ್ದು ಅವತ್ತೇ ಮೊದಲು. ಪ್ರತಿ ಮೂರ್ತಿಯ ಪಾದದ ಹತ್ತಿರ ಬಗ್ಗಿ ಅಕ್ಷರ ಹುಡುಕಿದೆವು. ದರ್ಶನಕ್ಕೆ ಬಂದ ಒಬ್ಬರು ಅಜ್ಜಿ ಏನು ಕಳಕೊಂಡ್ರಪ್ಪಾ ಅಂತ ಕೇಳಿದರು. ಒಬ್ಬರ ಹೆಸರು ಹುಡುಕ್ತಾ ಇದ್ದೀವಿ ಅಜ್ಜಿ ಅಂದೆವು. ಅವರು ಪೂಜಾರ್ರನ್ನ ಕೇಳಿ ಅಂದು ಹೊರಟರು.

ಹಾಗಾದರೆ ಮಲ್ಲಿತಮ್ಮ ನಮ್ಮ ಸೀಮೆಯವನಾ? ಅವನು ಇಲ್ಲಿಗೆ ಹತ್ತಿರದಲ್ಲಿ ಕೆಲಸ ಮಾಡಿದ್ದು ನಿಜ. ಅವನಿಗೆ ಮುಂಚೆ ಬಳ್ಳಿಗಾವಿಯ ಅಪ್ಪ ಮಗ ಹೊಯ್ಸಳರ ಗುಡಿಗೆ ಹೋಗಿ ಕೆತ್ತಿದ್ದೂ ನಿಜ. ಇವೆರಡನ್ನು ಅಂಟಿಸಿ ಅವನನ್ನು ಶಿವಮೊಗ್ಗದವನು ಮಾಡಿದರೆ ಅದು ಬೇರೆಯವರ ರಾಡಿಗೆ ನಮ್ಮ ನಂಬರ್ ಒತ್ತಿದ ಹಾಗೆ. ಒಂದು ಸಲ ಮಾಡಿದ್ದು ಸಾಕು. ಸಂಪಾದಕರಿಗೆ ಹೀಗೆ ಅಂತ ಹೇಳಿದೆವು. ಪರವಾಗಿಲ್ಲ, ಹಾಗೇ ಬರೀರಿ ಅಂದರು.

ಈ ಸೆಮಿಸ್ಟರಿನ ಜಾಬನ್ನು ನಾವು ನಾಲ್ವರೂ ನಾವೇ ನಿಂತು ಮಾಡಿದೆವು. ಗೆಳೆಯ ಪಕ್ಕದಲ್ಲಿ ಕೈ ಕಟ್ಟಿ ನಿಂತು ಬಾಯಲ್ಲಿ ಮಾತ್ರ ಹೇಳಿಕೊಟ್ಟ. ಒಬ್ಬನ ರಾಡು ಅಳತೆಗಿಂತ ಸಣ್ಣದಾಯಿತು, ಇನ್ನೊಬ್ಬನದಕ್ಕೆ ನರ್ಲಿಂಗ್ ಸರಿಯಾಗಿ ಕೂರಲಿಲ್ಲ. ಮಾರ್ಕ್ಸ್ ಎಷ್ಟು ಬಂತು ಅಂತ ಇಲ್ಲಿ ಬರೆಯುವುದಿಲ್ಲ. ನಂಬರ್ ಮಾತ್ರ ನಮ್ಮದೇ.

ನೀವು ಅಮೃತಾಪುರದ ಕಡೆ ಹೋದರೆ ಹೊರಗಿನ ಗೋಡೆ ನೋಡಿ ವಾಪಸ್ ಬರಬೇಡಿ. ಒಳಗೆ ಹೋಗಿ, ಟಾರ್ಚ್ ಹಾಕಿ, ಒಂದು ಸಲ ಕತ್ತು ಎತ್ತಿ ನೋಡಿ.